ದಾವಣಗೆರೆ: ಲಗೇಜ್ ಹೊತ್ತ ಸೈಕಲ್‌ಗೆ ಬೈಪಾಸೋ, ಊರೊಳಗಿನ ರಸ್ತೆಯೋ?

ಪುತ್ತೂರು ಟೀಚರ್:

ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ತುಮಕೂರಿನಿಂದ ಹುಬ್ಬಳ್ಳಿಗೆ ಸೈಕಲ್‌ನಲ್ಲಿ ಹೊರಟಿದ್ದೇನೆ. ಒಬ್ಬಳೇ. ಇವತ್ತು ಹಿರಿಯೂರಲ್ಲಿ ತಂಗಿದ್ದೇನೆ. ನಾಳೆ ಚಿತ್ರದುರ್ಗ, ನಾಡಿದ್ದು ದಾವಣಗೆರೆ. ರೈಲಿನಲ್ಲಿ ಹೋಗುವಾಗ ನಿದ್ದೆಗಣ್ಣಲ್ಲಿ ಸ್ಟೇಷನ್ ಬೋರ್ಡ್ ಓದಿದ್ದು ಬಿಟ್ಟರೆ ದಾವಣಗೆರೆಯ ಮಣ್ಣು ಮೆಟ್ಟಿದವಳಲ್ಲ.

ನನಗೆ ಹೆದ್ದಾರಿ ಭಯ ಇಲ್ಲ. ಎಡಕ್ಕೆ ಅಂಟಿಕೊಂಡು ಹೋದರೆ ಆಯಿತು. ಘಾಟಿಯೂ ಭಯ ಇಲ್ಲ, ನಾವು ಶಿರಾಡಿ, ಚಾರ್ಮಾಡಿ ಕಡೆಯವರು. ಭಯ ಇರುವುದು ಗೊತ್ತಿಲ್ಲದ ದೊಡ್ಡ ಊರಿನದ್ದು. ಹಿಂದೆ ಎರಡು ಬದಿಗೂ ಪ್ಯಾನಿಯರ್ ಬ್ಯಾಗ್ (ಕ್ಯಾರಿಯರ್‌ಗೆ ನೇತುಹಾಕುವ ಚೀಲ) ಇವೆ. ನಿಂತು ಹೊರಡುವಾಗ ಹ್ಯಾಂಡಲ್ ತೂಗಾಡುತ್ತದೆ. ಆಟೋದವರು ಎಡಗಡೆ ಸಂದಿಯಲ್ಲಿ ನುಗ್ಗಿದರೆ ಬ್ಯಾಗಿಗೇ ತಾಗುತ್ತದೆ. ಸಿಗ್ನಲ್‌ನಲ್ಲಿ ಕಾಲು ಊರಿ ನಿಂತಾಗ ಸೈಕಲ್, ಬ್ಯಾಗು, ನೀರು ಎಲ್ಲ ಸೇರಿ ಮೂವತ್ತು ಕೆ.ಜಿ. ಒಂದೇ ಕಡೆ ವಾಲಿದರೆ ಹಿಡಿಯುವುದು ಕಷ್ಟ ಮಾರಾಯ್ರೇ.

ಮ್ಯಾಪ್ ನೋಡಿದರೆ ರಾಷ್ಟ್ರೀಯ ಹೆದ್ದಾರಿ 48 ಊರನ್ನು ದಕ್ಷಿಣಕ್ಕೆ ಬಳಸಿಕೊಂಡು ಹೋಗುತ್ತದೆ. ಅದನ್ನೇ ಹಿಡಿದರೆ ಅರ್ಧ ಗಂಟೆಯಲ್ಲಿ ಊರು ಹಿಂದೆ ಬೀಳುತ್ತದೆ. ಆದರೆ ಬೆಣ್ಣೆ ದೋಸೆ ತಿನ್ನದೆ ದಾವಣಗೆರೆ ದಾಟಿದೆ ಅಂತ ಸ್ಟಾಫ್ ರೂಮಿನಲ್ಲಿ ಹೇಳಿದರೆ ನನ್ನ ಮರ್ಯಾದೆ ಉಳಿಯುವುದಿಲ್ಲ. ಊರು ನೋಡಬೇಕು ಅಂತಲೂ ಇದೆ. ಯಾವ ಕಡೆಯಿಂದ ಒಳಗೆ ಬರಲಿ? ಎಷ್ಟು ಹೊತ್ತಿಗೆ ಬಂದರೆ ಗಲಾಟೆ ಕಡಿಮೆ? ದೋಸೆ ತಿನ್ನುವಾಗ ಸೈಕಲ್ ಎಲ್ಲಿ ನಿಲ್ಲಿಸಲಿ? ಚಿತ್ರದುರ್ಗದ ಗಾಳಿ ಬಗ್ಗೆ ಎಲ್ಲರೂ ಹೆದರಿಸುತ್ತಿದ್ದಾರೆ, ಅದನ್ನೂ ಯಾರಾದರೂ ಹೇಳಿ.


ಬ್ರೆವೆ ಬಸವ:

ಬೈಪಾಸ್. ಯೋಚನೆನೇ ಬೇಡ. ದುರ್ಗ ಬಿಟ್ಟರೆ ಅರವತ್ತು ಕಿ.ಮೀ. ದಾವಣಗೆರೆ, ಅಲ್ಲಿಂದ ಹದಿನಾಲ್ಕು ಹರಿಹರ. ಬೆಳಗ್ಗೆ ಐದೂವರೆಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ರಾಣೆಬೆನ್ನೂರು. ದೋಸೆ ಎಲ್ಲಾ ಊರಲ್ಲೂ ಸಿಗುತ್ತೆ ಮೇಡಂ.


ಮಂಡಿಪೇಟೆ ಅಟ್ಲಾಸ್:

ದೋಸೆ ಎಲ್ಲಾ ಊರಲ್ಲೂ ಸಿಗುತ್ತಂತೆ! ಬಸವಣ್ಣ, ನಮ್ಮೂರಿಗೆ ಬಂದು ಈ ಮಾತು ಆಡಬೇಡಪ್ಪ, ಸೈಕಲ್ ಗಾಳಿ ಬಿಟ್ಟಾರು.

ಟೀಚರಮ್ಮ, ಬಸವ ಅವರದ್ದು ಗಡಿಯಾರ ಕಟ್ಟಿಕೊಂಡ ಸೈಕಲ್. ಬ್ರೆವೆ ಅಂದರೆ ಹೊತ್ತು ಗೊತ್ತುಮಾಡಿದ ದೂರದ ಸೈಕಲ್ ಸವಾರಿ, ದಾರಿಯಲ್ಲಿ ಸ್ಟಾಂಪ್ ಹೊಡೆಸಿಕೊಳ್ಳಬೇಕು. 200 ಕಿ.ಮೀ. ಬ್ರೆವೆಯನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು ಅನ್ನೋರಿಗೆ ಬೈಪಾಸೇ ಸರಿ. ನಿಮಗೆ ಯಾರೂ ಸ್ಟಾಂಪ್ ಹೊಡೆಯೋದಿಲ್ಲವಲ್ಲ. ಊರೊಳಗೆ ಬನ್ನಿ.

ನಾನು ಇಲ್ಲಿಯವನೇ. ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿ ಲೆಕ್ಕ ಬರೀತೀನಿ. ಕಾಲೇಜು ದಿನದಿಂದ ಇವತ್ತಿನವರೆಗೂ ಅಟ್ಲಾಸ್ ಸೈಕಲ್ಲೇ. ಸಾಹಿಬಾಬಾದ್‌ನ ಅಟ್ಲಾಸ್ ಕಾರ್ಖಾನೆ 2020ರಲ್ಲಿ ಬಾಗಿಲು ಹಾಕಿತು, ನನ್ನದು ಇನ್ನೂ ಹಾಕಿಲ್ಲ. ಹಂಗಾಗಿ ಈ ಊರಿನ ರಸ್ತೆ ಬಗ್ಗೆ ಮಾತಾಡೋ ಹಕ್ಕು ನನಗಿದೆ ಅಂದುಕೊಂಡಿದ್ದೀನಿ.

ಹೆದ್ದಾರಿಯಲ್ಲಿ ಬರುವಾಗ ಬಾಡಾ ಕ್ರಾಸ್ ಅಂತ ಸಿಗುತ್ತೆ. ಅಲ್ಲಿ ದೊಡ್ಡ ರಸ್ತೆ ಬಿಟ್ಟು ಹಳೇ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಗೆ ಇಳಿಯಿರಿ. ಆವರಗೆರೆ ದಾಟಿದರೆ ಅರುಣಾ ಸರ್ಕಲ್, ಆಮೇಲೆ ಗಾಂಧಿ ಸರ್ಕಲ್. ಒಂದೇ ನೇರ ರಸ್ತೆ, ದಾರಿ ತಪ್ಪೋ ಪ್ರಶ್ನೆನೇ ಇಲ್ಲ. ಬೈಪಾಸ್ ಆಗೋ ಮುಂಚೆ ಬೆಂಗಳೂರು–ಪುಣೆ ಲಾರಿ ಎಲ್ಲಾ ಇದರಲ್ಲೇ ಹೋಗ್ತಿದ್ವು. ಅದಕ್ಕೇ ಅಗಲ ಇದೆ. ಈಗ ಲಾರಿ ಹೊರಗೆ ಹೋಗಿವೆ, ಅಗಲ ನಮಗೆ ಉಳಿದಿದೆ. ಪೂರ್ತಿ ಉಳಿದಿದೆ ಅಂತಲ್ಲ, ಅರ್ಧ ಕಾರು ನಿಲ್ಲಿಸೋಕೆ ಹೋಗಿದೆ. ನಿಲ್ಲಿಸಿದ ಕಾರಿನ ಬಾಗಿಲು ಇದ್ದಕ್ಕಿದ್ದಂಗೆ ತೆಗೀತಾರೆ, ಆಟೋಗಿಂತ ಅದೇ ಅಪಾಯ. ಕಾರಿನಿಂದ ಒಂದು ಬಾಗಿಲಿನಷ್ಟು ದೂರ ಇಟ್ಟುಕೊಂಡೇ ತುಳಿಯಿರಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ.

ಹೊತ್ತಿನ ವಿಚಾರ. ನಮ್ಮದು ಕಾಲೇಜುಗಳ ಊರು. ಮಾಮೂಲಿ ದಿನ ಬೆಳಗ್ಗೆ ಎಂಟೂವರೆಯಿಂದ ಹತ್ತರವರೆಗೆ ಸ್ಕೂಟಿಗಳ ಜಾತ್ರೆ, ಸಂಜೆ ಐದರ ಮೇಲೆ ಮತ್ತೆ ಜಾತ್ರೆ. ಹನ್ನೊಂದರಿಂದ ಒಂದರವರೆಗೆ ಊರು ಸ್ವಲ್ಪ ಉಸಿರು ಬಿಡುತ್ತೆ. ಆದರೆ ನೀವು ಬರೋದು ವಿಜಯದಶಮಿ ದಿನ. ಕಾಲೇಜು ರಜೆ, ಮಂಡಿ ರಜೆ. ಬೆಳಗ್ಗೆ ರಸ್ತೆ ಖಾಲಿ ಇರುತ್ತೆ, ಸಂಜೆ ಬನ್ನಿ ಮುಡಿಯೋಕೆ ಊರೆಲ್ಲಾ ರಸ್ತೆಯಲ್ಲೇ ಇರುತ್ತೆ. ಎರಡು ಗಂಟೆಯೊಳಗೆ ಲಾಡ್ಜ್ ಸೇರಿಕೊಂಡು ಸಂಜೆ ಕಾಲ್ನಡಿಗೆಯಲ್ಲಿ ತಿರುಗಿ.

ಒಂದು ಮಾತು ಯಾವ ಮ್ಯಾಪೂ ಹೇಳಲ್ಲ. ಹಿಂದಿನ ದಿನ ಆಯುಧ ಪೂಜೆ. ಲಾರಿ, ಬಸ್ಸು, ಬೈಕು, ಗಿರಣಿ, ಗ್ಯಾರೇಜು, ಎಲ್ಲದರ ಮುಂದೆ ಬೂದುಗುಂಬಳ ಒಡೆದಿರುತ್ತಾರೆ. ಒಳಗೆ ಕುಂಕುಮ, ಚಿಲ್ಲರೆ ಕಾಸು. ಆ ತಿರುಳು ರಾತ್ರಿಯೆಲ್ಲಾ ರಸ್ತೆಯಲ್ಲಿ ಬಿದ್ದು ಲೋಳೆ ಆಗಿರುತ್ತೆ. ಅದರ ಮೇಲೆ ಬ್ರೇಕ್ ಹಿಡಿದರೆ ನೀವು ಒಂದು ಕಡೆ, ಬ್ಯಾಗು ಒಂದು ಕಡೆ. ಗ್ಯಾರೇಜ್ ಸಾಲು, ಬಸ್ ಸ್ಟ್ಯಾಂಡ್ ಮುಂದೆ ನಿಧಾನ.

ದೋಸೆಗೆ ಹೋಟೆಲ್ ಹೆಸರು ನಾನು ಹೇಳಲ್ಲ. ಹೇಳಿದರೆ ಇಲ್ಲೇ ಜಗಳ ಶುರುವಾಗುತ್ತೆ. ಕಟ್ಟಿಗೆ ಒಲೆ ಇರೋ ಕಡೆ ಹೋಗಿ. ಕಾವಲಿ ಹತ್ತಿರ ಹೊಗೆ ಕಾಣದಿದ್ದರೆ ಮುಂದೆ ನಡೀರಿ. ಸೈಕಲನ್ನು ಗಲ್ಲಾಪೆಟ್ಟಿಗೆ ಎದುರಿಗೆ ನಿಲ್ಲಿಸಿ, ಕೂತಿರೋರಿಗೆ "ಅಣ್ಣಾ, ಸ್ವಲ್ಪ ನೋಡ್ಕೊಳ್ಳಿ" ಅಂದರೆ ಬೀಗಕ್ಕಿಂತ ಗಟ್ಟಿ.

ನಾನು ಹಬ್ಬಕ್ಕೆ ಹೊನ್ನಾಳಿಯ ಅಕ್ಕನ ಮನೆಗೆ ಹೋಗಿರ್ತೀನಿ, ಇಲ್ಲದಿದ್ದರೆ ಬಾಡಾ ಕ್ರಾಸಿಗೇ ಬಂದು ಕರ್ಕೊಂಡು ಹೋಗ್ತಿದ್ದೆ.


ಕೋಟೆ ಕೆಳಗಿನವನು:

ಗಾಳಿ ಬಗ್ಗೆ ದುರ್ಗದವರು ಹೇಳಿದರೇ ಸರಿ. ಅಕ್ಕ, ಆಷಾಢದಲ್ಲಿ ಬಂದಿದ್ದರೆ ನಿಮಗೆ ಬೇಡ ಅಂತಿದ್ದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿ ಗಾಳಿ ಪಡುವಣದಿಂದ ಹೊಡೆಯುತ್ತೆ, ನೀವು ಹೋಗೋದು ಪಡುವಣಕ್ಕೇ. ಇಳಿಜಾರಿನಲ್ಲೂ ಪೆಡಲ್ ತುಳಿಯಬೇಕಾಗುತ್ತೆ. ನಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರ ಸುಮ್ನೆ ಹಾಕಿಲ್ಲ. ಈಗ ಅಕ್ಟೋಬರ್. ಮುಂಗಾರಿನ ಗಾಳಿ ಇಳಿದಿದೆ, ಹಿಂಗಾರಿನದ್ದು ಇನ್ನೂ ಸರಿಯಾಗಿ ಹತ್ತಿಲ್ಲ. ಬೆಳಗ್ಗೆ ಒಂಬತ್ತರವರೆಗೆ ಎಲೆಯೂ ಅಲ್ಲಾಡಲ್ಲ.

ಬೆಳಗ್ಗೆ ಲಾಡ್ಜ್‌ನಿಂದ ಹೊರಗೆ ಬಂದ ತಕ್ಷಣ ಗುಡ್ಡದ ಮೇಲಿನ ಫ್ಯಾನ್ ನೋಡಿ. ಅದರ ಮುಖ ಗಾಳಿ ಬರುವ ದಿಕ್ಕಿಗೇ ತಿರುಗಿರುತ್ತೆ. ಮುಖ ಪೂರ್ವಕ್ಕಿದ್ದರೆ ನಿಮಗೆ ಬೆನ್ನಿಗೆ ಗಾಳಿ, ಅದೃಷ್ಟ. ತಿರುಗದೆ ನಿಂತಿದ್ದರೆ ಇನ್ನೂ ಚಿಂತೆ ಇಲ್ಲ. ಫೋನಿನಲ್ಲಿ ನೋಡೋದಕ್ಕಿಂತ ಇದು ನಂಬಿಕೆ.

ದುರ್ಗ ಸಮುದ್ರಮಟ್ಟದಿಂದ ಸುಮಾರು 730 ಮೀಟರ್, ದಾವಣಗೆರೆ 600ರ ಹತ್ತಿರ. ಲೆಕ್ಕಕ್ಕೆ ಇಳಿಜಾರು. ಕಾಲಿಗೆ ಹಾಗನ್ನಿಸಲ್ಲ, ರಸ್ತೆ ಏರಿಳಿತ ಮಾಡುತ್ತಲೇ ಇರುತ್ತೆ. ಭರಮಸಾಗರದಲ್ಲಿ ಚಹಾ ಕುಡಿಯಿರಿ, ಕೆರೆ ನೋಡಿ. ಅಲ್ಲಿಂದ ಮುಂದೆ ಆನಗೋಡು.

ನಾಳೆ ಹಿರಿಯೂರಿನಿಂದ ಬೇಗ ಹೊರಟು ಮಧ್ಯಾಹ್ನದ ಹೊತ್ತಿಗೆ ಕೋಟೆ ಹತ್ತಿ. ಸೈಕಲ್ ಲಾಡ್ಜ್‌ನಲ್ಲೇ ಬಿಡಿ. ಓಬವ್ವನ ಕಿಂಡಿ ಮಾತ್ರ ನೋಡಿ ವಾಪಸ್ ಬರೋರು ಜಾಸ್ತಿ. ಮೇಲೆ ಗೋಪಾಲಸ್ವಾಮಿ ಹೊಂಡದವರೆಗೂ ಹೋಗಿ. 1779ರಲ್ಲಿ ಹೈದರಾಲಿ ಗೆಲ್ಲುವ ಮುಂಚೆ ಈ ಕೋಟೆ ಅಷ್ಟು ಸಲ ಮುತ್ತಿಗೆ ತಡೆದದ್ದು ಹೇಗೆ ಅಂತ ಆ ನೀರಿನ ಹೊಂಡಗಳನ್ನು ನೋಡಿದರೆ ಗೊತ್ತಾಗುತ್ತೆ. ಕಲ್ಲಿಗಿಂತ ನೀರು ಮುಖ್ಯ.


ಪುತ್ತೂರು ಟೀಚರ್:

ಎಲ್ಲರಿಗೂ ಥ್ಯಾಂಕ್ಸ್. ಬಸವ ಅವರೇ, ಬೇಜಾರು ಮಾಡ್ಕೋಬೇಡಿ, ಊರೊಳಗೆ ಹೋಗುತ್ತೇನೆ.

ಇನ್ನೆರಡು ಪ್ರಶ್ನೆ. ನನ್ನ ಟ್ಯೂಬ್‌ಗಳು ಪ್ರೆಸ್ಟಾ ವಾಲ್ವಿನವು, ಸಪೂರ ಮೂತಿ. ದಾವಣಗೆರೆಯ ಸೈಕಲ್ ಶಾಪ್‌ಗಳಲ್ಲಿ ಗಾಳಿ ಹೊಡೆಯಲು ಆಗುತ್ತದಾ? ಲಾಡ್ಜ್‌ನಲ್ಲಿ ಸೈಕಲನ್ನು ರೂಮಿಗೆ ಬಿಡುತ್ತಾರಾ?


ಮಂಡಿಪೇಟೆ ಅಟ್ಲಾಸ್:

ಮಾಮೂಲಿ ಶಾಪ್‌ನ ಪಂಪು ಪ್ರೆಸ್ಟಾ ಮೂತಿಗೆ ಕೂರಲ್ಲ. ಹಿತ್ತಾಳೆಯ ಪುಟ್ಟ ಅಡಾಪ್ಟರ್ ಬರುತ್ತೆ, ಹತ್ತಿಪ್ಪತ್ತು ರೂಪಾಯಿದು. ವಾಲ್ವಿನ ತುದಿ ಸಡಿಲಿಸಿ ಅದನ್ನು ತಿರುಗಿಸಿ ಕೂರಿಸಿದರೆ ಬೈಕಿಗೆ ಗಾಳಿ ಹೊಡೆಯೋ ಪಂಪೇ ಹಿಡಿಯುತ್ತೆ. ಪೆಟ್ರೋಲ್ ಬಂಕಿನ ಗಾಳಿ ಮಾತ್ರ ಹುಷಾರು. ಕಾರಿನ ಅಭ್ಯಾಸದಲ್ಲಿ ಹುಡುಗರು ಮೂವತ್ತು ಪಿಎಸ್‌ಐಗೇ ನಿಲ್ಲಿಸಿಬಿಡ್ತಾರೆ, ನಿಮ್ಮ ಟೈರಿಗೆ ಐವತ್ತರ ಮೇಲೆ ಬೇಕಲ್ವಾ? ಟೈರ್ ಪಕ್ಕದಲ್ಲೇ ಬರೆದಿರುತ್ತೆ, ತೋರಿಸಿ.

ಲಾಡ್ಜ್‌ನಲ್ಲಿ ಮೊದಲು ಸೈಕಲ್ ಮಾತು, ಆಮೇಲೆ ಆಧಾರ್ ಕಾರ್ಡು. ದುಡ್ಡು ಕೊಟ್ಟಮೇಲೆ ಕೇಳಿದರೆ "ಓನರ್ ಬಯ್ತಾರೆ" ಅಂತಾರೆ. ಒಂದು ಹಳೇ ಬಟ್ಟೆಯಲ್ಲಿ ಅವರೆದುರೇ ಚಕ್ರ ಒರೆಸಿ. ಅದನ್ನು ನೋಡಿದಮೇಲೆ ಬೇಡ ಅನ್ನೋರು ಕಡಿಮೆ. ರೂಮಿಗೆ ಆಗದಿದ್ದರೆ ಮೆಟ್ಟಿಲ ಕೆಳಗೆ ಜಾಗ ಇರುತ್ತೆ. ಹೆಣ್ಣುಮಕ್ಕಳು ಒಬ್ಬರೇ ಇದ್ದಾಗ ಬಸ್ ಸ್ಟ್ಯಾಂಡ್ ಹತ್ತಿರದ್ದೇ ಒಳ್ಳೆಯದು, ರಾತ್ರಿಯೂ ಜನ ಓಡಾಡ್ತಿರ್ತಾರೆ.


ಪುತ್ತೂರು ಟೀಚರ್:

ದಾವಣಗೆರೆಯಿಂದಲೇ ಬರೆಯುತ್ತಿದ್ದೇನೆ. ಲಾಡ್ಜ್‌ನ ಮೆಟ್ಟಿಲ ಕೆಳಗೆ ಸೈಕಲ್, ಮೇಲೆ ನಾನು. ದಾರಿ ಹೇಳಿದವರಿಗೆ ಪ್ರಯಾಣ ಹೇಗಾಯಿತು ಅಂತ ಹೇಳುವುದು ಬಾಕಿ ಇದೆ, ಸ್ವಲ್ಪ ಉದ್ದ ಆಗುತ್ತದೆ.

ದುರ್ಗದಿಂದ ಆರು ಗಂಟೆಗೆ ಹೊರಟೆ. ಫ್ಯಾನ್‌ಗಳು ನಿಂತೇ ಇದ್ದವು. ಹೆದ್ದಾರಿಯಲ್ಲಿ ಲಾರಿಗಳೆಲ್ಲ ಮದುವಣಿಗರು. ಮೂತಿಗೆ ಬಾಳೆಕಂದು, ಸೇವಂತಿಗೆ ಹಾರ, ಗಾಜಿನ ತುಂಬ ವಿಭೂತಿ, ಕುಂಕುಮ. ಓಡುವ ವೇಗಕ್ಕೆ ಸೇವಂತಿಗೆ ಎಸಳು ಉದುರಿ ನನ್ನ ಮುಖಕ್ಕೆ ಬಡಿಯುತ್ತಿತ್ತು.

ಭರಮಸಾಗರ ದಾಟಿದ ಮೇಲೆ ಸರ್ವಿಸ್ ರಸ್ತೆಗೆ ಇಳಿದೆ. ಅಲ್ಲಿ ರಸ್ತೆಯ ಅರ್ಧ ಭಾಗ ಮೆಕ್ಕೆಜೋಳ. ನಮ್ಮ ಕಡೆ ಅಂಗಳದಲ್ಲಿ ಅಡಿಕೆ ಒಣಹಾಕುತ್ತೇವೆ, ಇಲ್ಲಿ ಡಾಂಬರೇ ಅಂಗಳ. ಉದ್ದಕ್ಕೂ ಕಲ್ಲು ಸಾಲಿಟ್ಟು ಗಡಿ ಮಾಡಿದ್ದಾರೆ. ಒಬ್ಬರು ಅಜ್ಜಿ ಕಾಳಿನೊಳಗೆ ಕಾಲು ಎಳೆಯುತ್ತಾ ನಡೆಯುತ್ತಿದ್ದರು. ಹೆಜ್ಜೆ ಎತ್ತುವುದೇ ಇಲ್ಲ. ಪಾದ ಹೋದಲ್ಲೆಲ್ಲ ಒಂದು ಸಾಲು, ಅಡಿಯ ಹಸಿ ಕಾಳು ಮೇಲೆ. ಆ ಕಡೆ ತುದಿ ಮುಟ್ಟಿ, ಪಕ್ಕದ ಸಾಲಿನಲ್ಲಿ ವಾಪಸ್. ನಾನು ಇಳಿದು ತಳ್ಳಿಕೊಂಡು ಹೋಗುವುದನ್ನು ನೋಡಿ "ಮ್ಯಾಲೇ ಹೊಡಿಯವ್ವ, ಕಾಳಿಗೇನೂ ಆಗಲ್ಲ" ಅಂದರು. ಕಾಳಿಗೆ ಆಗಲಿಕ್ಕಿಲ್ಲ, ಚಕ್ರದಡಿ ಉರುಳಿ ನಾನು ಬೀಳುತ್ತೇನೆ. ತಳ್ಳಿಕೊಂಡೇ ಹೋದೆ.

ಆನಗೋಡು ಹತ್ತಿರ ಹಿಂದಿನ ಚಕ್ರ ಮೆತ್ತಗಾಯಿತು. ಒಮ್ಮೆಲೇ ಇಳಿಯಲಿಲ್ಲ, ನಿಧಾನಕ್ಕೆ ಇಳಿಯುತ್ತಾ ಬಂತು. ಇದು ಹೆದ್ದಾರಿಯ ಕಾಯಿಲೆ. ಲಾರಿ ಟೈರ್ ಸಿಡಿದಾಗ ಒಳಗಿನ ಉಕ್ಕಿನ ತಂತಿ ಚೂರುಚೂರಾಗಿ ರಸ್ತೆ ಅಂಚಿಗೆ ಬಂದು ಸೇರುತ್ತದೆ, ಸೈಕಲ್ ಹೋಗುವುದೂ ಅದೇ ಅಂಚಿನಲ್ಲಿ. ಹೊಸಬರಿಗೆ ಹೇಳುತ್ತೇನೆ, ಇಂಥ ಪಂಕ್ಚರ್‌ನಲ್ಲಿ ಟ್ಯೂಬ್ ಬದಲಿಸಿದರೆ ಸಾಲದು. ತಂತಿ ಟೈರಿನಲ್ಲೇ ಉಳಿದರೆ ಮುಂದಿನ ಟ್ಯೂಬೂ ಹೋಗುತ್ತದೆ. ಅದು ಕೂದಲಿನಷ್ಟು ಸಣ್ಣ, ಕಣ್ಣಿಗೆ ಕಾಣುವುದಿಲ್ಲ, ಬೆರಳಲ್ಲಿ ತಡಕಿದರೆ ಚುಚ್ಚುತ್ತದೆ. ಒಂದು ಚಿಟಿಕೆ ಹತ್ತಿ ತೆಗೆದು ಟೈರಿನ ಒಳಗೆ ಸುತ್ತ ಸವರಬೇಕು. ತಂತಿ ಇದ್ದಲ್ಲಿ ಹತ್ತಿ ಎಳೆ ಸಿಕ್ಕಿಕೊಂಡು ನಿಲ್ಲುತ್ತದೆ. ನನ್ನದು ವಾಲ್ವಿನ ಎದುರು ಬದಿಯಲ್ಲಿ ಸಿಕ್ಕಿತು. ಹುಬ್ಬು ಕೀಳುವ ಚಿಮಟ ಇದಕ್ಕೇ ಬ್ಯಾಗಿನಲ್ಲಿದೆ, ಹುಬ್ಬು ಕಂಡು ವರ್ಷಗಳಾದವು. ಹೊರಗಿನಿಂದ ಹಿಡಿದು ಎಳೆದರೆ ಬರಲಿಲ್ಲ, ಒಳಗಿನಿಂದ ತಳ್ಳಿ ಹೊರಗೆ ಎಳೆದೆ. ಅಕ್ಕಿ ಕಾಳಿಗಿಂತ ಗಿಡ್ಡ.

ಬಾಡಾ ಕ್ರಾಸ್ ತಲುಪಿದಾಗ ಹನ್ನೊಂದೂಕಾಲು. ಅಟ್ಲಾಸ್ ಅಣ್ಣ ಹೇಳಿದ್ದು ನಿಜ, ರಸ್ತೆ ಖಾಲಿ. ಕುಂಬಳಕಾಯಿಯೂ ನಿಜ. ಆವರಗೆರೆ ಕಡೆ ಒಂದು ಗ್ಯಾರೇಜ್ ಸಾಲಿನ ಮುಂದೆ ಕೆಂಪು ನೀರಿನ ಮಡು, ನಡುವೆ ಬಿಳಿ ತಿರುಳು. ಮುಂದಿದ್ದ ಬೈಕಿನವನ ಹಿಂಚಕ್ರ ಅದರಲ್ಲಿ ಬಾಲ ಅಲ್ಲಾಡಿಸಿತು, ಅವನು ಹೇಗೋ ಸಂಭಾಳಿಸಿದ. ನಾನು ಪೆಡಲ್ ನಿಲ್ಲಿಸಿ, ಬ್ರೇಕ್ ಮುಟ್ಟದೆ, ನೇರಕ್ಕೆ ಬಿಟ್ಟೆ.

ಗೊತ್ತಿಲ್ಲದ ಊರಲ್ಲಿ ನನ್ನ ಪದ್ಧತಿ ಒಂದಿದೆ. ಸರ್ಕಲ್ ಬರುವ ಮುಂಚೆ ಇಳಿದುಬಿಡುತ್ತೇನೆ. ಫೋನ್ ತೆಗೆಯುವುದಿಲ್ಲ. ಹೂವಿನವರನ್ನೋ ಹಣ್ಣಿನ ಗಾಡಿಯವರನ್ನೋ ಕೇಳುತ್ತೇನೆ. ಅವರು ನಿಂತ ಜಾಗದಿಂದ ಅಲ್ಲಾಡದವರು, ಊರು ಅವರ ಮುಂದೆಯೇ ಹಾದು ಹೋಗುತ್ತದೆ. ಅರುಣಾ ಸರ್ಕಲ್ ಹತ್ತಿರ ಸೇವಂತಿಗೆ ಮಾರುತ್ತಿದ್ದ ಅಮ್ಮನಿಗೆ ದೋಸೆ ಎಲ್ಲಿ ಅಂತ ಕೇಳಿದೆ. ಅವರು ಉತ್ತರ ಹೇಳುವ ಮುಂಚೆ ಪಕ್ಕದ ಹಣ್ಣಿನವರು ಬೇರೆ ಹೋಟೆಲ್ ಹೇಳಿದರು. ಇಬ್ಬರಿಗೂ ಮಾತಿಗೆ ಮಾತು ಬೆಳೆಯಿತು. ಜಗಳ ಆಗುತ್ತೆ ಅಂತ ಅಣ್ಣ ಹೇಳಿದ್ದು ತಮಾಷೆಗೆ ಅಂದುಕೊಂಡಿದ್ದೆ.

ಹೂವಿನಮ್ಮ ಹೇಳಿದ ಕಡೆಗೇ ಹೋದೆ. ಬಾಗಿಲಲ್ಲೇ ಕಟ್ಟಿಗೆ ರಾಶಿ. ಕಾವಲಿ ಮೇಲೆ ಹಿಟ್ಟು ಹುಯ್ದು ಜಾಸ್ತಿ ತೆಳ್ಳಗೆ ಎಳೆಯುವುದಿಲ್ಲ. ಅಂಗೈ ಅಗಲದ ದಪ್ಪ ದೋಸೆ, ಮೇಲೆಲ್ಲ ತೂತು. ಬೆಣ್ಣೆಯನ್ನು ಚಮಚದಲ್ಲಿ ಹಾಕುವುದಲ್ಲ, ಉಂಡೆ ಹಿಡಿದು ಕಾವಲಿ ಅಂಚಿನಲ್ಲೆಲ್ಲ ಕೈಯಲ್ಲೇ ಚಿಮುಕಿಸುತ್ತಾ ಹೋಗುತ್ತಾರೆ. ಅಡಿ ಕಂದು ಬಣ್ಣಕ್ಕೆ ಬಂದು ಗರಿಗರಿ, ಮೇಲ್ಭಾಗ ಮೆತ್ತಗೆ. ಆಲೂಗಡ್ಡೆ ಪಲ್ಯದಲ್ಲಿ ಅರಿಶಿನ ಇಲ್ಲ, ಬೆಳ್ಳಗೆ ನುಣ್ಣಗೆ. ಚಟ್ನಿ ನೀರು. ನಮ್ಮ ಕಡೆ ಇಷ್ಟು ನೀರು ಚಟ್ನಿ ಬಡಿಸಿದರೆ ಅತಿಥಿ ಎದ್ದು ಹೋಗುತ್ತಾರೆ, ಇಲ್ಲಿ ದೋಸೆ ಅದನ್ನು ಹೀರಿದ ಮೇಲೆ ಯಾಕೆ ಹಾಗೆ ಅಂತ ಅರ್ಥವಾಯಿತು. ಹಿಟ್ಟಿಗೆ ಅಕ್ಕಿ, ಉದ್ದಿನ ಜೊತೆ ಮಂಡಕ್ಕಿಯನ್ನೂ ನೆನೆಸಿ ರುಬ್ಬುತ್ತಾರಂತೆ. ಎರಡು ತಿಂದು ಮೂರನೆಯದಕ್ಕೆ ಹೇಳಿದಾಗ ಬಡಿಸುವ ಹುಡುಗ "ಸೈಕಲ್ ಮ್ಯಾಲೆ ಹೋಗೋರು ನೀವೇ ಅಲ್ವಾ, ತಿನ್ರಿ ತಿನ್ರಿ" ಅಂದ.

ಗಲ್ಲಾದಲ್ಲಿದ್ದ ಹಿರಿಯರು ಸೈಕಲ್ ಕಾದಿದ್ದಲ್ಲದೆ ಕೇಳಿದವರಿಗೆಲ್ಲ ನನ್ನ ಪರವಾಗಿ ಉತ್ತರ ಕೊಡುತ್ತಿದ್ದರು. ನಾನು ಹೊರಗೆ ಬರುವಷ್ಟರಲ್ಲಿ ನನ್ನ ಊರು ಮಂಗಳೂರಾಗಿತ್ತು, ಸೈಕಲ್ ಬೆಲೆ ಒಂದು ಲಕ್ಷ ಆಗಿತ್ತು. ನಾನು ತಿದ್ದಲಿಲ್ಲ. "ಮನೇಲಿ ಬಿಟ್ರಾ?" ಅಂತ ಕೇಳಿದರು. ಈ ಪ್ರಶ್ನೆ ತುಮಕೂರಿನಿಂದಲೂ ಬೆನ್ನಿಗಿದೆ. "ಮನೆಯವರು ಮಕ್ಕಳ ಜೊತೆ ದೋಸೆ ಹುಯ್ಯುತ್ತಿದ್ದಾರೆ" ಅಂದೆ. ಜೋರಾಗಿ ನಕ್ಕರು.

ಲಾಡ್ಜ್‌ನಲ್ಲಿ ಚಕ್ರ ಒರೆಸುವ ಉಪಾಯ ಕೆಲಸ ಮಾಡಿತು. ಮಧ್ಯಾಹ್ನ ಮಂಡಕ್ಕಿ ಭಟ್ಟಿ ಕಡೆ ನಡೆದುಕೊಂಡು ಹೋದೆ. ಅದನ್ನು ಯಾರೂ ಹೇಳಿರಲಿಲ್ಲ, ಲಾಡ್ಜ್ ಹುಡುಗ ಹೇಳಿದ. ಸಂದಿಯ ತುಂಬ ಹೊಗೆ, ಗೋಡೆಗಳೆಲ್ಲ ಮಸಿ. ಒಂದು ಬಾಗಿಲಲ್ಲಿ ನಿಂತು ನೋಡಲು ಬಿಟ್ಟರು. ದೊಡ್ಡ ಬಾಣಲೆಯಲ್ಲಿ ಮರಳು ಕಾದಿರುತ್ತದೆ. ಉಪ್ಪು ನೀರು ಕುಡಿಸಿದ ಅಕ್ಕಿ ಬೊಗಸೆಯಷ್ಟು ಬೀಳುತ್ತದೆ. ಎರಡು ಸಲ ಕೈಯಾಡಿಸುವಷ್ಟರಲ್ಲಿ ಬಾಣಲೆ ತುಂಬಿ ಬೆಳ್ಳಗೆ. ತಕ್ಷಣ ಜರಡಿಗೆ. ಮರಳು ಕೆಳಗೆ, ಮಂಡಕ್ಕಿ ಮೇಲೆ. ಬಾಗಿಲಲ್ಲಿ ನಿಂತ ನನಗೇ ಮುಖ ಸುಡುತ್ತಿತ್ತು, ಆತ ಇಡೀ ದಿನ ಬಾಣಲೆ ಮುಂದೆ. ಕೈಗೆ ಸುತ್ತಿಕೊಂಡ ಬಟ್ಟೆ ಕಪ್ಪಾಗಿತ್ತು. ಬಿಸಿ ಮಂಡಕ್ಕಿ ಪೇಪರಿನಲ್ಲಿ ಕಟ್ಟಿಕೊಟ್ಟು ದುಡ್ಡು ತೆಗೆದುಕೊಳ್ಳಲಿಲ್ಲ. ದೋಸೆ ಬಗ್ಗೆ ಊರೆಲ್ಲ ಮಾತಾಡುತ್ತದೆ, ಈ ಹೊಗೆ ಬಗ್ಗೆಯೂ ಸ್ವಲ್ಪ ಮಾತಾಡಬೇಕು ಅನ್ನಿಸಿತು.

ಸಂಜೆ ದುಗ್ಗಮ್ಮನ ಗುಡಿ ಕಡೆ ಹೋದೆ. ಹಳೇ ಪೇಟೆಯಲ್ಲಿ ಕಾಲಿಡಲು ಜಾಗ ಇಲ್ಲ, ಎಲ್ಲರ ಕೈಯಲ್ಲೂ ಬನ್ನಿ ಸೊಪ್ಪು. ಕರಾವಳಿಯಲ್ಲಿ ನಮಗೆ ದಸರಾ ಅಂದರೆ ಹುಲಿವೇಷ, ಬನ್ನಿ ಹಂಚುವುದು ನಾನು ನೋಡಿದ್ದಿಲ್ಲ. ಪರಿಚಯವೇ ಇಲ್ಲದ ಒಬ್ಬರು ಹೆಂಗಸು ನನ್ನ ಕೈಗೆ ನಾಲ್ಕು ಎಲೆ ಇಟ್ಟು "ಬನ್ನಿ ತಗೊಂಡು ಬಂಗಾರದಂಗಿರೋಣ" ಅಂದರು. ವಾಪಸ್ ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಅವರೇ ತಮ್ಮ ಸೊಪ್ಪಿನಿಂದ ಎರಡು ಎಲೆ ಕಿತ್ತು ನನಗೆ ಕೊಟ್ಟು, "ಈಗ ನನಗೆ ಕೊಡ್ರಿ" ಅಂದರು.

ಅಟ್ಲಾಸ್ ಅಣ್ಣನಿಗೆ ಒಂದು ತಕರಾರು ಇದೆ. "ಒಂದೇ ನೇರ ರಸ್ತೆ" ಅಂದಿರಿ. ನಿಜ, ಪಿ.ಬಿ. ರಸ್ತೆ ನೇರ. ಆದರೆ ರೈಲು ಹಳಿ ಊರನ್ನು ಎರಡು ಹೋಳು ಮಾಡಿದೆ ಅಂತ ಹೇಳಲೇ ಇಲ್ಲ. ಹಳಿಯ ಆ ಕಡೆ ಹೋಗಬೇಕಾದರೆ ಎಲ್ಲಿ ದಾಟುವುದು ಅಂತ ಸಂಜೆಯೆಲ್ಲ ಕೇಳುತ್ತಾ ತಿರುಗಿದೆ. ಕಾಲ್ನಡಿಗೆಯಲ್ಲಿದ್ದೆ, ಸರಿ ಹೋಯಿತು. ಲಗೇಜ್ ಸೈಕಲ್ ಇದ್ದಿದ್ದರೆ ಸಾಕಾಗಿ ಹೋಗುತ್ತಿತ್ತು.

ನಾಳೆ ಹರಿಹರ, ಅಲ್ಲಿಂದ ರಾಣೆಬೆನ್ನೂರು. ಬೈಪಾಸ್‌ಗೆ ವಾಪಸ್ ಹೋಗಬೇಕಾ, ಪಿ.ಬಿ. ರಸ್ತೆಯಲ್ಲೇ ಮುಂದುವರಿಯಬಹುದಾ?


ಬ್ರೆವೆ ಬಸವ:

ಸರಾಸರಿ ವೇಗ ಎಷ್ಟು ಬಂತು ಮೇಡಂ?


ಪುತ್ತೂರು ಟೀಚರ್:

ಮೀಟರ್ ಇಲ್ಲ ಬಸವ ಅವರೇ. ದೋಸೆಗೆ ಮೂರು.


ಕೋಟೆ ಕೆಳಗಿನವನು:

ಹತ್ತಿ ಐಡಿಯಾ ಬರೆದಿಟ್ಟುಕೊಂಡೆ ಅಕ್ಕ. ನಾನು ಹಳೇ ಸಾಕ್ಸ್ ಕೈಗೆ ಹಾ‌ಕಿಕೊಂಡು ಸವರುತ್ತಿದ್ದೆ, ಅದೂ ಹಿಡಿಯುತ್ತೆ. ಬೆರಳು ಉಳಿಯುತ್ತೆ.


ಮಂಡಿಪೇಟೆ ಅಟ್ಲಾಸ್:

ಹೊನ್ನಾಳಿಯಿಂದ ಬರೀತಿದ್ದೀನಿ, ನೆಟ್‌ವರ್ಕ್ ಬರ್ತಾ ಹೋಗ್ತಾ ಇದೆ.

ರೈಲು ಹಳಿ ತಕರಾರು ಒಪ್ಪಿಕೊಂಡೆ ಅಂತ ಮಾತ್ರ ಅಂದುಕೋಬೇಡಿ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟ್ ಈ ಊರಿನವರ ಅರ್ಧ ಆಯಸ್ಸು ತಿಂದಿದೆ. ಅದನ್ನು ಹೊರಗಿನವರಿಗೆ ಮೊದಲೇ ಹೇಳಿ ಹೆದರಿಸೋದು ಯಾಕೆ ಅಂತ ಬಿಟ್ಟಿದ್ದು. ಮಂಡಕ್ಕಿ ಭಟ್ಟಿಗೆ ಹೋಗಿದ್ದು ಒಳ್ಳೇದಾಯ್ತು. ನಮ್ಮೂರಿನವರೇ ಎಷ್ಟೋ ಜನ ಆ ಕಡೆ ಕಾಲಿಟ್ಟಿಲ್ಲ.

ನಾಳೆ ಬೈಪಾಸ್ ಬೇಡ, ಪಿ.ಬಿ. ರಸ್ತೆಯಲ್ಲೇ ಹೋಗಿ. ದೊಡ್ಡಬಾತಿ ದಾಟಿದರೆ ಹರಿಹರ. ಭದ್ರಾ ನೀರಾವರಿ ಪ್ರದೇಶ, ಗದ್ದೆ ಹಸಿರಾಗಿರುತ್ತೆ, ಆನಗೋಡು ಕಡೆಯ ಒಣಭೂಮಿ ನೋಡಿದ ಕಣ್ಣಿಗೆ ಬೇರೆ ಜಿಲ್ಲೆ ಅನ್ನಿಸುತ್ತೆ. ಹರಿಹರೇಶ್ವರ ದೇವಸ್ಥಾನಕ್ಕೆ ಬೆಳಗ್ಗೆನೇ ಹೋಗಿ. ಹೊಯ್ಸಳರ ಕಾಲದ್ದು, 1224ರ ಸುಮಾರಿನದ್ದು. ಮೂರ್ತಿಯಲ್ಲಿ ಬಲ ಅರ್ಧ ಹರ, ಎಡ ಅರ್ಧ ಹರಿ. ಹೊರಗಿನ ಮಂಟಪದ ಕಂಬಗಳಿಗೆ ಟೈಮ್ ಇಟ್ಟುಕೊಳ್ಳಿ.

ಆಮೇಲೆ ತುಂಗಭದ್ರಾ ದಾಟಬೇಕು. ಅಲ್ಲಿ 1868ರಲ್ಲಿ ಕಟ್ಟಿದ ಕಲ್ಲಿನ ಕಮಾನು ಸೇತುವೆ ಇದೆ, ದಡದಲ್ಲಿ ನಿಂತು ನೋಡಿ. ವಾಹನ ಯಾವ ಸೇತುವೆ ಮೇಲೆ ಹೋಗ್ತಿವೆ ಅಂತ ಅಲ್ಲೇ ಚಹಾ ಅಂಗಡಿಯಲ್ಲಿ ಕೇಳಿ, ಅದೇ ಹಿಡೀರಿ. ಸೇತುವೆ ಮೇಲೆ ಅಡ್ಡಗಾಳಿ ಇರುತ್ತೆ, ಬ್ಯಾಗ್ ಇರೋ ಸೈಕಲ್‌ಗೆ ಅದು ಜಾಸ್ತಿ ತಾಗುತ್ತೆ. ಹಿಂದೆ ಬಸ್ ಇದ್ದರೆ ಅದನ್ನು ಮುಂದೆ ಬಿಟ್ಟು ಆಮೇಲೆ ಹತ್ತಿ. ಹತ್ತಿದ ಮೇಲೆ ನಡುವೆ ನಿಲ್ಲಬೇಡಿ. ಫೋಟೋ ಬೇಕಿದ್ದರೆ ಆ ದಡಕ್ಕೆ ಹೋಗಿ ತೆಗೀರಿ, ಬೆಳಗಿನ ಬಿಸಿಲು ಅಲ್ಲಿಂದ ಕಮಾನಿನ ಮೇಲೆ ಚೆನ್ನಾಗಿ ಬೀಳುತ್ತೋ ಇಲ್ಲವೋ ನೀವೇ ನೋಡಿ ಹೇಳಿ. ಮತ್ತೆ ಆ ಅಡಾಪ್ಟರ್ ತಗೊಂಡ್ರಾ ಇಲ್ವಾ?